ಬೆಳಗ್ಗೆ ಸ್ಟಾರ್ಟ್ ಆಗದ ಡೀಸೆಲ್ ಗಾಡಿ: ಏರ್ ಎಲ್ಲಿಂದ ಎಳೆಯುತ್ತಿದೆ?

ರಾತ್ರಿ ಸರಿಯಾಗಿಯೇ ಬಂದು ನಿಂತ ಪಿಕಪ್ ಬೆಳಗ್ಗೆ ಎಷ್ಟು ಸೆಲ್ಫ್ ಹೊಡೆದರೂ ಸ್ಟಾರ್ಟ್ ಆಗುವುದಿಲ್ಲ. ಬ್ಯಾಟರಿ ಗಟ್ಟಿಯಾಗಿದೆ, ಇಂಜಿನ್ ಚೆನ್ನಾಗಿ ತಿರುಗುತ್ತಿದೆ. ಮೊದಲು ಸೈಲೆನ್ಸರ್ ಕಡೆ ನೋಡಿ. ಬಿಳಿ ಹೊಗೆ ಬರುತ್ತಿದ್ದರೆ ಡೀಸೆಲ್ ಸೇರುತ್ತಿದೆ, ಆದರೆ ಉರಿಯುತ್ತಿಲ್ಲ. ಆಗ ಹೀಟರ್ ಪ್ಲಗ್ ಪರೀಕ್ಷಿಸಬೇಕು. ಹೊಗೆಯೇ ಇಲ್ಲವೆಂದರೆ ಇಂಜಿನ್‌ಗೆ ಡೀಸೆಲ್ ತಲುಪುತ್ತಿಲ್ಲ. ಟ್ಯಾಂಕ್‌ನಲ್ಲಿ ಡೀಸೆಲ್ ಇದ್ದೂ ಹೀಗಾದರೆ ಲೈನ್ ಏರ್ ಎಳೆದಿರುವ ಅನುಮಾನವೇ ಹೆಚ್ಚು.

ಏರ್ ಬಂದರೆ ಏನಾಗುತ್ತದೆ? ಡೀಸೆಲ್ ಒತ್ತಿದರೆ ಹೆಚ್ಚು ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ನಾಝಲ್, ಅಂದರೆ ಇಂಜಿನ್ ಒಳಗೆ ಡೀಸೆಲ್ ಸಿಂಪಡಿಸುವ ಭಾಗ, ತೆರೆಯಬೇಕಾದರೆ ಹಳೆಯ ಇಂಜಿನ್‌ಗಳಲ್ಲೇ ಸುಮಾರು 200 ಬಾರ್ ಒತ್ತಡ ಬೇಕು. ನಡುವೆ ಗುಳ್ಳೆ ಸೇರಿಕೊಂಡರೆ ಪಂಪ್ ಹಾಕುವ ಶ್ರಮವೆಲ್ಲ ಆ ಗುಳ್ಳೆಯನ್ನು ಅಮುಕುವುದರಲ್ಲೇ ಮುಗಿಯುತ್ತದೆ, ನಾಝಲ್ ಬಾಯಿ ಬಿಡುವುದಿಲ್ಲ. ಸ್ವಲ್ಪ ಏರ್ ಇದ್ದರೆ ಗಾಡಿ ಸ್ಟಾರ್ಟ್ ಆದರೂ ಐಡ್ಲಿಂಗ್‌ನಲ್ಲಿ ಏರಿಳಿಯುತ್ತದೆ, ಏರುದಾರಿಯಲ್ಲಿ ಎಳೆತ ಕಳೆದುಕೊಳ್ಳುತ್ತದೆ.

"ಕೆಳಗೆ ಒಂದು ಹನಿಯೂ ಸೋರಿಲ್ಲವಲ್ಲ?" ಎಂದು ನೀವು ಕೇಳಬಹುದು. ಇದೇ ಇದರ ಕಷ್ಟ. ಪಿಕಪ್, ಲಾರಿಗಳಲ್ಲಿ ಟ್ಯಾಂಕ್ ಚಾಸಿ ಪಕ್ಕದಲ್ಲಿ ಕೆಳಗಿರುತ್ತದೆ. ಅಲ್ಲಿಂದ ಫೀಡ್ ಪಂಪ್‌ವರೆಗಿನ ಪೈಪ್‌ನಲ್ಲಿ ಡೀಸೆಲನ್ನು ಮೇಲಕ್ಕೆ ಎಳೆಯಬೇಕು. ಎಳನೀರಿನ ಸ್ಟ್ರಾದಲ್ಲಿ ಸಣ್ಣ ತೂತಿದ್ದರೆ ನೀರು ಹೊರಗೆ ಸೋರುವುದಿಲ್ಲ, ಬಾಯಿಗೆ ಗಾಳಿ ಬರುತ್ತದೆ, ಅಷ್ಟೆ. ಇಲ್ಲೂ ಹಾಗೇ. ರಾತ್ರಿಯಿಡೀ ಆ ತೂತಿನಿಂದ ಗಾಳಿ ಒಳಬಂದು, ಪೈಪ್‌ನಲ್ಲಿದ್ದ ಡೀಸೆಲ್ ಹಿಂದಕ್ಕೆ ಟ್ಯಾಂಕ್‌ಗೆ ಇಳಿದುಬಿಡುತ್ತದೆ. ಫೀಡ್ ಪಂಪ್ ದಾಟಿದ ಮೇಲೆ ಒತ್ತಡವಿರುವುದರಿಂದ ಅಲ್ಲಿ ಲೀಕ್ ಇದ್ದರೆ ಒದ್ದೆಯಾಗಿ ಕಣ್ಣಿಗೆ ಕಾಣುತ್ತದೆ. ಟ್ಯಾಂಕ್ ಇಂಜಿನ್‌ಗಿಂತ ಮೇಲಿರುವ ಟ್ರ್ಯಾಕ್ಟರ್‌ಗಳಲ್ಲೂ, ಟ್ಯಾಂಕ್ ಒಳಗೇ ಕರೆಂಟ್ ಪಂಪ್ ಇರುವ ಗಾಡಿಗಳಲ್ಲೂ ಸಾಮಾನ್ಯವಾಗಿ ಹೀಗೇ, ಲೀಕ್ ಇದ್ದರೆ ಹೊರಗೆ ಸೋರಿ ಕಾಣುತ್ತದೆ.

ಏರ್ ಹೌದೋ ಅಲ್ಲವೋ ಎಂದು ಖಚಿತಪಡಿಸಿಕೊಳ್ಳಲು ಖರ್ಚಿಲ್ಲ. ಬೆಳಗ್ಗೆ ಸೆಲ್ಫ್ ಹೊಡೆಯುವ ಮೊದಲೇ ಫಿಲ್ಟರ್ ಹತ್ತಿರದ ಕೈಪಂಪ್ ಅಥವಾ ರಬ್ಬರ್ ಬಲ್ಬ್ ಒತ್ತಿ. ಮೊದಲು ಮೆತ್ತಗಿದ್ದು, ಒತ್ತಿ ಒತ್ತಿ ಗಟ್ಟಿಯಾದ ಮೇಲೆ ಗಾಡಿ ತಕ್ಷಣ ಸ್ಟಾರ್ಟ್ ಆದರೆ, ಡೀಸೆಲ್ ಹಿಂದಕ್ಕೆ ಇಳಿಯುತ್ತಿದೆ ಎಂದರ್ಥ. ಟ್ಯಾಂಕ್ ಕಾಲು ಭಾಗಕ್ಕೆ ಇಳಿದಾಗ ಮಾತ್ರ ತೊಂದರೆ ಕೊಡುವ ಗಾಡಿಯಲ್ಲಿ, ಟ್ಯಾಂಕ್ ಒಳಗೆ ಇಳಿಬಿಟ್ಟ ಪೈಪ್ ತುಕ್ಕು ಹಿಡಿದು ತೂತಾಗಿರುವುದೂ ಉಂಟು.

ಇನ್ನು ಹುಡುಕಾಟ. ಫಿಲ್ಟರ್ ಬದಲಾಯಿಸಿದ ಮೇಲೆ ಶುರುವಾಯಿತೇ? ಹಾಗಿದ್ದರೆ ಮೊದಲು ಅದನ್ನೇ ನೋಡಿ. ಹಳೆಯ ರಬ್ಬರ್ ರಿಂಗ್ ಅಲ್ಲೇ ಅಂಟಿಕೊಂಡು, ಅದರ ಮೇಲೆ ಹೊಸದು ಕೂತಿರಬಹುದು. ಕೆಳಗೆ ನೀರು ಬಿಡುವ ಸ್ಕ್ರೂನ ಓ-ರಿಂಗ್ ಹರಿದಿರಬಹುದು. ಅಲ್ಲಿ ಏನೂ ಇಲ್ಲದಿದ್ದರೆ ಪಾರದರ್ಶಕ ಪೈಪ್ ಬೇಕು. ಫಿಲ್ಟರ್‌ನಿಂದ ಪಂಪ್‌ಗೆ ಹೋಗುವ ಹೋಸ್ ಬಿಚ್ಚಿ, ಅದೇ ಅಳತೆಯ ಪಾರದರ್ಶಕ ಪೈಪನ್ನು ಕ್ಲಿಪ್ ಹಾಕಿ ಕೂರಿಸಿ ಇಂಜಿನ್ ಓಡಿಸಿ. ಮೊದಲು ಒಂದಿಷ್ಟು ಗುಳ್ಳೆ ಬಂದು ನಿಂತರೆ ಹೆದರಬೇಡಿ, ಅದು ಬಿಚ್ಚಿದಾಗ ಸೇರಿದ ಗಾಳಿ. ಗುಳ್ಳೆ ನಿಲ್ಲದೆ ಸಾಲಾಗಿ ಹೋಗುತ್ತಿದ್ದರೆ ಅದೇ ಪೈಪನ್ನು ಫಿಲ್ಟರ್‌ನ ಈಚೆಗೆ, ಟ್ಯಾಂಕ್ ಕಡೆಗೆ ಹಾಕಿ ನೋಡಿ. ಇಲ್ಲಿ ಗುಳ್ಳೆ ಇಲ್ಲ, ಅಲ್ಲಿ ಇತ್ತು ಎಂದರೆ ಕಳ್ಳ ಫಿಲ್ಟರ್‌ನಲ್ಲೇ ಇದ್ದಾನೆ. ಇಲ್ಲೂ ಇದ್ದರೆ ಟ್ಯಾಂಕ್ ಕಡೆಯ ಪೈಪ್, ಹೋಸ್, ಕ್ಲಿಪ್. ಆಗ ಡೀಸೆಲ್ ತುಂಬಿದ ಕ್ಯಾನ್‌ಗೆ ಲೈನ್ ಜೋಡಿಸಿ ಖಚಿತಪಡಿಸಿಕೊಳ್ಳಬಹುದು. ಕ್ಯಾನನ್ನು ಇಂಜಿನ್‌ಗಿಂತ ಮೇಲಿಡಬೇಡಿ, ನೆಲದ ಮೇಲಿಡಿ. ಮೇಲಿಟ್ಟರೆ ಡೀಸೆಲ್ ತಾನಾಗಿ ಇಳಿಯುತ್ತದೆ. ತೂತಿದ್ದರೂ ಏರ್ ಎಳೆಯದೆ ಪರೀಕ್ಷೆ ಸುಳ್ಳಾಗುತ್ತದೆ.

ಲೀಕ್ ಇಲ್ಲದೆಯೂ ಗುಳ್ಳೆ ಕಾಣುವುದುಂಟು. ಟ್ಯಾಂಕ್‌ನ ಜಾಲರಿ ಕಟ್ಟಿಕೊಂಡರೆ ಪಂಪ್ ಜೋರಾಗಿ ಎಳೆಯಬೇಕಾಗುತ್ತದೆ, ಆಗ ಡೀಸೆಲ್‌ನಲ್ಲಿ ಕರಗಿದ್ದ ಗಾಳಿಯೇ ಹೊರಬರುತ್ತದೆ. ಟ್ಯಾಂಕ್ ಮುಚ್ಚಳ ತೆಗೆದಾಗ ಉಸ್ಸೆಂದು ಗಾಳಿ ಒಳಗೆ ನುಗ್ಗಿದರೆ ಮುಚ್ಚಳದ ಗಾಳಿದಾರಿ ಕಟ್ಟಿದೆ, ಅದರಿಂದಲೂ ಹೀಗೇ ಆಗುತ್ತದೆ.

ರಿಪೇರಿಯಲ್ಲಿ ಎರಡು ದುರಭ್ಯಾಸ ಕಂಡಿದ್ದೇನೆ. ಒಂದು, ಬ್ಯಾಂಜೋ ಬೋಲ್ಟ್‌ಗೆ, ಅಂದರೆ ನಡುವೆ ತೂತಿರುವ ಬೋಲ್ಟ್‌ಗೆ, ಟೆಫ್ಲಾನ್ ಟೇಪ್ ಸುತ್ತುವುದು. ಅಲ್ಲಿ ಸೀಲ್ ಆಗುವುದು ಥ್ರೆಡ್‌ನಿಂದಲ್ಲ, ಎರಡೂ ಬದಿಯ ತಾಮ್ರದ ವಾಷರ್‌ನಿಂದ. ಟೇಪ್‌ನ ಚೂರು ನಾಝಲ್‌ಗೆ ಹೋದರೆ ಹೊಸ ತಲೆನೋವು. ಒಮ್ಮೆ ಬಿಗಿದ ವಾಷರ್ ಗಟ್ಟಿಯಾಗಿರುತ್ತದೆ, ಹೊಸದೇ ಹಾಕಿ. ಅಂಗಡಿ ದೂರವಿದ್ದರೆ ಹಳೆಯದನ್ನು ಗಾಡಿಯಿಂದ ದೂರ ಒಯ್ದು, ಕೆಂಪಗೆ ಕಾಯಿಸಿ ಆರಿಸಿದರೆ ತಾಮ್ರ ಮತ್ತೆ ಮೆತ್ತಗಾಗಿ ಒಂದು ಸಲಕ್ಕೆ ಆಗುತ್ತದೆ. ಇನ್ನೊಂದು, ಹೋಸ್‌ಗೆ ಬೈಂಡಿಂಗ್ ತಂತಿ ಸುತ್ತುವುದು. ತಂತಿ ಒಂದೇ ಕಡೆ ಒತ್ತಿ ರಬ್ಬರನ್ನು ಸೀಳುತ್ತದೆ.

ಕೊನೆಗೆ ಏರ್ ತೆಗೆಯಬೇಕು. ಫಿಲ್ಟರ್ ಮೇಲಿನ ಬ್ಲೀಡಿಂಗ್ ಸ್ಕ್ರೂ ಸಡಿಲಿಸಿ ಕೈಪಂಪ್ ಒತ್ತಿ. ನೊರೆ ನಿಂತು ಬರೀ ಡೀಸೆಲ್ ಬಂದಾಗ, ಒತ್ತುತ್ತಲೇ ಸ್ಕ್ರೂ ಬಿಗಿಯಿರಿ. ಹಳೆಯ ಇಂಜಿನ್‌ನಲ್ಲಿ ಪಂಪ್‌ನ ಸ್ಕ್ರೂ, ಆಮೇಲೆ ನಾಝಲ್ ಪೈಪ್‌ನ ನಟ್ ಕೂಡ ಹೀಗೇ ಸಡಿಲಿಸುತ್ತಾರೆ. ಸೆಲ್ಫ್ ಒಮ್ಮೆಗೆ 10–15 ಸೆಕೆಂಡ್ ಸಾಕು, ಮಧ್ಯೆ ಒಂದು ನಿಮಿಷ ಬಿಡಿ. ಆದರೆ ಕಾಮನ್ ರೈಲ್, ಅಂದರೆ ಎಲ್ಲ ನಾಝಲ್‌ಗೂ ಒಂದೇ ಪೈಪ್‌ನಲ್ಲಿ ಒತ್ತಡ ಕೂಡಿಡುವ, ಗಾಡಿಯಲ್ಲಿ ನಾಝಲ್ ಪೈಪ್ ಮುಟ್ಟಲೇಬೇಡಿ. ಅಲ್ಲಿ ಒತ್ತಡ ಸಾವಿರ ಬಾರ್ ದಾಟುತ್ತದೆ. ಸಣ್ಣ ಧಾರೆಯೂ ಚರ್ಮ ತೂರಿ ಒಳಹೋಗುತ್ತದೆ. ಹಾಗಾದರೆ ಗಾಯ ಸೂಜಿಮೊನೆಯಷ್ಟೇ ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಈ ಗಾಡಿಗಳ ಪಂಪ್‌ಗೆ ಡೀಸೆಲೇ ಎಣ್ಣೆ. ಏರ್ ಎಳೆಯುತ್ತಲೇ ಓಡಿಸಿದರೆ ಪಂಪ್ ಸವೆಯುತ್ತದೆ.

ಖರ್ಚಿನ ಮಾತು. ವಾಷರ್, ಓ-ರಿಂಗ್ ಚಿಲ್ಲರೆ ದುಡ್ಡಿನವು. ಹೋಸ್, ಫಿಲ್ಟರ್, ರಬ್ಬರ್ ಬಲ್ಬ್ ನೂರುಗಳಲ್ಲಿ ಮುಗಿಯುತ್ತವೆ. ಪಂಪ್ ಬಿಚ್ಚಿದರೆ ಲೆಕ್ಕ ಸಾವಿರಗಳಿಗೆ ಏರುತ್ತದೆ. ಹಾಗಾಗಿ ಪೈಪ್ ಪರೀಕ್ಷೆ ಮಾಡದೆ ಪಂಪ್ ಬಿಚ್ಚಲು ಒಪ್ಪಬೇಡಿ. ಸಾಮಾನು ತಾಲ್ಲೂಕು ಕೇಂದ್ರದ ಆಟೋಮೊಬೈಲ್ ಅಂಗಡಿಗಳಲ್ಲೇ ಸಿಗುತ್ತದೆ, ಬೆಂಗಳೂರಿನವರಿಗೆ ಜೆ.ಸಿ. ರಸ್ತೆ ಇದೆ. ಪಾರದರ್ಶಕ ಪೈಪ್ ಹಾರ್ಡ್‌ವೇರ್ ಅಂಗಡಿಯದ್ದೇ ಸಾಕು, ಆದರೆ ಪರೀಕ್ಷೆ ಮುಗಿದ ಕೂಡಲೇ ತೆಗೆಯಿರಿ, ಡೀಸೆಲ್ ತಾಗಿ ಅದು ಗಡುಸಾಗಿ ಒಡೆಯುತ್ತದೆ. ಹೋಸ್ ಕೊಳ್ಳುವಾಗ ಡೀಸೆಲ್‌ಗೆ ಎಂದು ಹೇಳಿ ಕೇಳಿ. ಹಳೆಯ ವಾಷರ್, ಹೋಸ್ ತುಂಡು ಎರಡನ್ನೂ ಜೇಬಿನಲ್ಲಿಟ್ಟುಕೊಂಡು ಹೋಗಿ. ಅಳತೆ ಬಾಯಲ್ಲಿ ಹೇಳಿ ತಂದದ್ದು ಕೂರದೆ ಮತ್ತೆ ಅಂಗಡಿಗೆ ಅಲೆಯುವುದು ತಪ್ಪುತ್ತದೆ.