ಗ್ಯಾಂಬಿಯಾಕ್ಕೆ ಯಾಕೆ ಬೇಕಿತ್ತು ಈ ಉಸಾಬರಿ?

ಫೋನ್‌ನಲ್ಲಿ ಆಫ್ರಿಕಾದ ಮ್ಯಾಪ್ ತೆಗೆದು ಗ್ಯಾಂಬಿಯಾ ಹುಡುಕಿ ನೋಡಿ. ಜೂಮ್ ಮಾಡದೇ ಇದ್ರೆ ಸಿಗಲ್ಲ. ಪಶ್ಚಿಮ ತುದಿಯಲ್ಲಿ ಒಂದು ನದಿಯ ಎರಡೂ ದಡಕ್ಕೆ ಅಂಟಿಕೊಂಡಿರೋ ಸಣ್ಣ ಪಟ್ಟಿ ಅದು. ಮೂರು ಕಡೆ ಸೆನೆಗಲ್, ಇನ್ನೊಂದು ಕಡೆ ಅಟ್ಲಾಂಟಿಕ್ ಸಮುದ್ರ. ಜನಸಂಖ್ಯೆ ಸುಮಾರು 25 ಲಕ್ಷ. ಕಡಲೆಕಾಯಿ ಬೆಳೆ ಮತ್ತು ಬೀಚ್‌ಗೆ ಬರೋ ಪ್ರವಾಸಿಗರನ್ನು ನೆಚ್ಚಿಕೊಂಡಿರುವ ಬಡ ದೇಶ.

ಇಂಥ ದೇಶ 2019ರ ನವೆಂಬರ್ 11ರಂದು ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಗಿ ಮ್ಯಾನ್ಮಾರ್ ಮೇಲೆ ಕೇಸ್ ಹಾಕಿತು. ಆರೋಪ ರೋಹಿಂಗ್ಯಾ ಮುಸ್ಲಿಮರ ನರಮೇಧ. ಎಲ್ಲಿಯ ಗ್ಯಾಂಬಿಯಾ, ಎಲ್ಲಿಯ ಮ್ಯಾನ್ಮಾರ್? ಗಡಿ ಇಲ್ಲ, ಹೇಳಿಕೊಳ್ಳುವಂಥ ವ್ಯಾಪಾರ ಇಲ್ಲ, ಹಳೇ ಜಗಳವೂ ಇಲ್ಲ. ಊರ ಉಸಾಬರಿ ಇವರಿಗ್ಯಾಕೆ ಅಂತ ಅನ್ನಿಸೋದು ಸಹಜ. ನನಗೂ ಹಾಗೇ ಅನ್ನಿಸಿತ್ತು.

ಉತ್ತರ ಸಿಗೋದು ಒಂದು ಟ್ರಿಪ್‌ನಲ್ಲಿ. 2018ರ ಮೇ ತಿಂಗಳಲ್ಲಿ ಢಾಕಾದಲ್ಲಿ ಇಸ್ಲಾಮಿಕ್ ಸಹಕಾರ ಸಂಘಟನೆಯ ವಿದೇಶಾಂಗ ಸಚಿವರ ಸಭೆ ಇತ್ತು. ಗ್ಯಾಂಬಿಯಾದ ವಿದೇಶಾಂಗ ಸಚಿವರಿಗೆ ಕೊನೇ ಗಳಿಗೆಯಲ್ಲಿ ಹೋಗೋಕೆ ಆಗಲಿಲ್ಲ. ಬದಲಿಗೆ ಹೋದವರು ಕಾನೂನು ಸಚಿವ ಅಬುಬಕರ್ ತಂಬಾಡೂ. ಅವರನ್ನು ಕಾಕ್ಸ್ ಬಜಾರ್‌ನ ನಿರಾಶ್ರಿತರ ಶಿಬಿರಕ್ಕೂ ಕರೆದುಕೊಂಡು ಹೋದರು. 2017ರ ಆಗಸ್ಟ್ ನಂತರ ಮ್ಯಾನ್ಮಾರ್ ಸೇನೆಯ ದಾಳಿಗೆ ಹೆದರಿ ಓಡಿಬಂದ ಏಳು ಲಕ್ಷಕ್ಕೂ ಹೆಚ್ಚು ಜನ ಅಲ್ಲಿದ್ದರು.

ಬೇರೆ ಮಂತ್ರಿಗಳಾಗಿದ್ರೆ ನೋಡಿ, ಮರುಗಿ, ವಾಪಸ್ ಬರ್ತಿದ್ರೇನೋ. ಆದರೆ ತಂಬಾಡೂ ರುವಾಂಡಾ ನರಮೇಧದ ವಿಚಾರಣೆಗೆ ವಿಶ್ವಸಂಸ್ಥೆ ಸ್ಥಾಪಿಸಿದ್ದ ಕೋರ್ಟ್‌ನಲ್ಲಿ, ಪ್ರಾಸಿಕ್ಯೂಟರ್ ಕಡೆಯಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ್ದವರು. ಮನೆಯೊಳಗಿದ್ದವರನ್ನು ಸೇರಿಸಿ ಬೆಂಕಿ ಹಚ್ಚಿದ್ದು, ಮಕ್ಕಳನ್ನು ಕೊಂದಿದ್ದು, ಹೆಂಗಸರ ಮೇಲಿನ ಅತ್ಯಾಚಾರ... ಶಿಬಿರದಲ್ಲಿ ಕೇಳಿದ್ದು ಅವರಿಗೆ ಹೊಸ ಕಥೆ ಆಗಿರಲಿಲ್ಲ. ರುವಾಂಡಾದಲ್ಲಿ ಕೇಳಿದ್ದನ್ನೇ ಮತ್ತೆ ಕೇಳ್ತಿದ್ದೀನಿ ಅಂತ ಅವರಿಗೆ ಅನ್ನಿಸಿತು. ಒಂದೂವರೆ ವರ್ಷದಲ್ಲಿ, 57 ದೇಶಗಳ ಆ ಸಂಘಟನೆಯ ಬೆಂಬಲ ಪಡೆದು, ಗ್ಯಾಂಬಿಯಾ ಹೆಸರಿನಲ್ಲೇ ಕೇಸ್ ದಾಖಲಾಯ್ತು.

ಇದರ ಹಿಂದೆ ಗ್ಯಾಂಬಿಯಾದ ಸ್ವಂತ ಗಾಯವೂ ಇತ್ತು.

1994ರಲ್ಲಿ ಸೇನಾ ದಂಗೆ ಮಾಡಿ ಅಧಿಕಾರ ಹಿಡಿದ ಯಾಹ್ಯಾ ಜಮ್ಮೆ 22 ವರ್ಷ ಕುರ್ಚಿ ಬಿಡಲಿಲ್ಲ. ವಿರೋಧಿಗಳು, ಪತ್ರಕರ್ತರು ಕಾಣೆಯಾಗ್ತಿದ್ರು. ಏಡ್ಸ್‌ಗೆ ತಾನೇ ಗಿಡಮೂಲಿಕೆ ಔಷಧಿ ಕೊಡ್ತೀನಿ ಅಂತ ರೋಗಿಗಳ ಜೀವದ ಜೊತೆ ಆಟ ಆಡಿದ್ದೂ ಉಂಟು. ಕಾಮನ್‌ವೆಲ್ತ್‌ನಿಂದ ದೇಶವನ್ನು ಹೊರಗೆ ತಂದ. 2016ರ ಡಿಸೆಂಬರ್‌ನಲ್ಲಿ ಚುನಾವಣೆ ಬಂತು. ಗ್ಯಾಂಬಿಯಾದಲ್ಲಿ ಮತ ಹಾಕೋದೇ ಒಂದು ಚಂದ. ಪ್ರತಿ ಅಭ್ಯರ್ಥಿಗೂ ಒಂದೊಂದು ಡ್ರಮ್, ಮತದಾರರು ತಮಗೆ ಬೇಕಾದ ಡ್ರಮ್‌ಗೆ ಗೋಲಿ ಹಾಕ್ತಾರೆ, ಒಳಗಿರೋ ಗಂಟೆ ಟಣ್ ಅನ್ನುತ್ತೆ. ಎರಡನೇ ಸಲ ಟಣ್ ಅಂದ್ರೆ ಕಳ್ಳಮತ!

ಆ ಗೋಲಿಗಳು ಜಮ್ಮೆಯನ್ನು ಸೋಲಿಸಿದವು. ಗೆದ್ದವರು ಅದಾಮ ಬಾರೋ, ಒಂದು ಕಾಲಕ್ಕೆ ಲಂಡನ್‌ನ ಅಂಗಡಿಯೊಂದರಲ್ಲಿ ಸೆಕ್ಯೂರಿಟಿ ಗಾರ್ಡ್ ಆಗಿದ್ದವರು. ಮೊದಲು ಸೋಲು ಒಪ್ಪಿಕೊಂಡ ಜಮ್ಮೆ ಒಂದೇ ವಾರದಲ್ಲಿ ಉಲ್ಟಾ ಹೊಡೆದ. ಆಗ ಪಶ್ಚಿಮ ಆಫ್ರಿಕಾದ ದೇಶಗಳ ಒಕ್ಕೂಟ ಇಕೋವಾಸ್ ಮಧ್ಯೆ ಬಂತು. ಲೈಬೀರಿಯಾ, ನೈಜೀರಿಯಾ ಅಧ್ಯಕ್ಷರು ಬಂದು ಮಾತಾಡಿದರು. ಅವನು ಬಗ್ಗಲಿಲ್ಲ. 2017ರ ಜನವರಿ 19ರಂದು ಬಾರೋ ಸೆನೆಗಲ್‌ನ ಡಾಕರ್‌ನಲ್ಲಿರೋ ತಮ್ಮ ದೇಶದ ರಾಯಭಾರ ಕಚೇರಿಯಲ್ಲಿ ಪ್ರಮಾಣವಚನ ತೆಗೆದುಕೊಳ್ಳಬೇಕಾಯ್ತು. ಅದೇ ದಿನ ಸೆನೆಗಲ್ ಮುಂದಾಳತ್ವದ ಪಡೆ ಗಡಿ ದಾಟಿತು. ಯುದ್ಧ ಆಗಲಿಲ್ಲ. ಎರಡು ದಿನದಲ್ಲಿ ಜಮ್ಮೆ ವಿಮಾನ ಹತ್ತಿದ.

ಅಂದ್ರೆ ಅಕ್ಕಪಕ್ಕದವರು ಅವತ್ತು ‘ಅದು ಅವರ ಮನೆ ವಿಷಯ’ ಅಂತ ಬಾಗಿಲು ಹಾಕಿಕೊಂಡಿದ್ರೆ ಆ ಗೋಲಿಗಳಿಗೆ ಬೆಲೆ ಇರ್ತಿರಲಿಲ್ಲ. ಗ್ಯಾಂಬಿಯಾಕ್ಕೆ ಇದು ಪುಸ್ತಕದ ಪಾಠ ಅಲ್ಲ, ಅನುಭವ. ಹೊಸ ಸರ್ಕಾರ ಕಾಮನ್‌ವೆಲ್ತ್‌ಗೆ ಮರಳಿತು, ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದಿಂದ ಹೊರಬರುವ ಜಮ್ಮೆಯ ನಿರ್ಧಾರ ರದ್ದು ಮಾಡಿತು. ನಂತರ ಬಂದದ್ದು ರೋಹಿಂಗ್ಯಾ ಕೇಸ್.

ಕೋರ್ಟ್‌ನಲ್ಲಿ ಮ್ಯಾನ್ಮಾರ್ ಪರ ವಾದಕ್ಕೆ ಬಂದವರು ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ಆಂಗ್ ಸಾನ್ ಸೂಕಿ. ತನ್ನನ್ನು ವರ್ಷಗಟ್ಟಲೆ ಗೃಹಬಂಧನದಲ್ಲಿಟ್ಟ ಸೇನೆಯನ್ನೇ ಸಮರ್ಥಿಸಿಕೊಳ್ಳೋಕೆ! ವಿಚಾರಣೆ ಶುರುವಾದ ದಿನ ಬಾಂಗ್ಲಾದೇಶದ ಶಿಬಿರದಲ್ಲಿ ಜನ ‘ಗ್ಯಾಂಬಿಯಾ, ಗ್ಯಾಂಬಿಯಾ’ ಅಂತ ಕೂಗಿದ್ರು.

ಮ್ಯಾನ್ಮಾರ್‌ನ ದೊಡ್ಡ ತಕರಾರು ನಾವು ಮೊದಲು ಕೇಳಿದ ಪ್ರಶ್ನೆಯೇ. ನಿಮಗೇನು ನಷ್ಟ ಆಗಿದೆ? ತೊಂದರೆ ಆಗಿದ್ರೆ ಬಾಂಗ್ಲಾದೇಶ ಬರಲಿ. ಆದರೆ ಬಾಂಗ್ಲಾದೇಶ ನರಮೇಧ ತಡೆ ಒಪ್ಪಂದಕ್ಕೆ ಸೇರುವಾಗಲೇ ಕೋರ್ಟ್‌ನ ವಿಷಯದಲ್ಲಿ ಷರತ್ತು ಹಾಕಿತ್ತು, ಹಾಗಾಗಿ ಅದರ ದಾರಿ ಸುಲಭ ಇರಲಿಲ್ಲ. ಗ್ಯಾಂಬಿಯಾದ ಉತ್ತರ ಸರಳವಾಗಿತ್ತು. 1948ರ ಈ ಒಪ್ಪಂದದಲ್ಲಿ ಪ್ರತಿ ದೇಶವೂ ಉಳಿದ ಎಲ್ಲ ದೇಶಗಳಿಗೂ ಮಾತು ಕೊಟ್ಟಿದೆ. ಮಾತು ಮುರಿದರೆ ಕೇಳೋ ಹಕ್ಕು ಎಲ್ಲರಿಗೂ ಇದೆ, ಏಟು ತಿಂದವರಿಗೆ ಮಾತ್ರ ಅಲ್ಲ.

2020ರ ಜನವರಿ 23ರಂದು ಕೋರ್ಟ್ ರೋಹಿಂಗ್ಯಾಗಳನ್ನು ರಕ್ಷಿಸಿ, ಸಾಕ್ಷ್ಯ ನಾಶ ಮಾಡಬೇಡಿ ಅಂತ ಮಧ್ಯಂತರ ಆದೇಶ ಕೊಟ್ಟಿತು. ತೀರ್ಪು ಸರ್ವಾನುಮತದ್ದು. ನಮ್ಮ ದಲ್ವೀರ್ ಭಂಡಾರಿ ಅವರೂ ಆ ಪೀಠದಲ್ಲಿದ್ದರು, ಮ್ಯಾನ್ಮಾರ್ ತಾನೇ ನೇಮಿಸಿದ್ದ ವಿಶೇಷ ನ್ಯಾಯಾಧೀಶರೂ ಒಪ್ಪಿದರು. 2022ರ ಜುಲೈನಲ್ಲಿ ಮ್ಯಾನ್ಮಾರ್‌ನ ಆಕ್ಷೇಪಗಳು ಬಿದ್ದುಹೋಗಿ, ಕೇಸ್ ಮುಂದುವರಿಯಲಿ ಅಂತಾಯ್ತು. ಅಷ್ಟರಲ್ಲಿ ಸೂಕಿ ಅದೇ ಸೇನೆಯ ಕೈಯಲ್ಲಿ ಮತ್ತೆ ಜೈಲು ಸೇರಿದ್ದರು. 2023ರ ಕೊನೆಯಲ್ಲಿ ದಕ್ಷಿಣ ಆಫ್ರಿಕಾ ಗಾಜಾ ವಿಷಯಕ್ಕೆ ಇಸ್ರೇಲ್ ವಿರುದ್ಧ ಹೋದದ್ದೂ ಗ್ಯಾಂಬಿಯಾ ತುಳಿದ ಇದೇ ದಾರಿಯಲ್ಲಿ.

ಆದೇಶದಿಂದ ಶಿಬಿರ ಖಾಲಿ ಆಯ್ತಾ? ಇಲ್ಲ. ಒಂದು ಕುಟುಂಬವೂ ಈ ಆದೇಶ ಹಿಡಿದು ನೆಮ್ಮದಿಯಿಂದ ಊರಿಗೆ ಮರಳೋ ಸ್ಥಿತಿ ಬಂದಿಲ್ಲ. ಕೋರ್ಟ್ ಬಳಿ ಪೊಲೀಸರೂ ಇಲ್ಲ, ಸೈನ್ಯವೂ ಇಲ್ಲ.

ಇನ್ನೊಂದು ಮಾತು ಹೇಳದೇ ಹೋದರೆ ಅನ್ಯಾಯ. ತನ್ನ ಎಲೆಯಲ್ಲಿ ಹೆಗ್ಗಣ ಬಿದ್ದಿರುವಾಗ ಪಕ್ಕದೆಲೆಯ ನೊಣ ತೋರಿಸಿದ ಹಾಗಲ್ವಾ ಅಂತ ಗ್ಯಾಂಬಿಯಾದ ಜನರೂ ಕೇಳಬಹುದು. ರೋಹಿಂಗ್ಯಾಗಳದ್ದು ನೊಣ ಅಲ್ಲ, ಅದು ಬೇರೆ ವಿಷಯ. ಆದರೆ ಸತ್ಯಶೋಧನಾ ಆಯೋಗದ ಮುಂದೆ ಮುನ್ನೂರಕ್ಕೂ ಹೆಚ್ಚು ಸಾಕ್ಷಿಗಳು ನುಡಿದ ಮೇಲೂ, ಬಾರೋ ಅವರ ಪಕ್ಷ 2021ರಲ್ಲಿ ಜಮ್ಮೆಯ ಹಳೇ ಪಕ್ಷದ ಜೊತೆಗೇ ಮೈತ್ರಿ ಮಾಡಿಕೊಂಡಿತು. ಮಕ್ಕಳನ್ನು ಕಳೆದುಕೊಂಡವರಿಗೆ ಹೇಗಾಗಿರಬೇಡ!

ವಿಚಿತ್ರ ಅಂದ್ರೆ, ಅವರಿಗೆ ಸಿಕ್ಕ ನ್ಯಾಯದ ದೊಡ್ಡ ಪಾಲು ಹೊರಗಿನಿಂದಲೇ ಬಂದದ್ದು. 2004ರಲ್ಲಿ ಗುಂಡಿಗೆ ಬಲಿಯಾದ ಸಂಪಾದಕ ದೇಯ್ದಾ ಹೈದರಾ ಅವರ ಹತ್ಯೆಯಲ್ಲಿ ಭಾಗಿಯಾದ ಡ್ರೈವರ್‌ಗೆ 2023ರಲ್ಲಿ ಜೀವಾವಧಿ ಶಿಕ್ಷೆ ಕೊಟ್ಟದ್ದು ಜರ್ಮನಿಯ ಕೋರ್ಟ್. ಜಮ್ಮೆಯ ಗೃಹಮಂತ್ರಿಯಾಗಿದ್ದವನಿಗೆ 2024ರಲ್ಲಿ 20 ವರ್ಷ ಜೈಲು ಕೊಟ್ಟದ್ದು ಸ್ವಿಟ್ಜರ್ಲೆಂಡ್. ಅವರಿಗೂ ಗ್ಯಾಂಬಿಯಾ ಏನೂ ಆಗಬೇಕಿರಲಿಲ್ಲ.

ಜಮ್ಮೆ ಮಾತ್ರ ಓಡಿಹೋಗಿ ಸೇರಿದ್ದು ಈಕ್ವಟೋರಿಯಲ್ ಗಿನಿಯನ್ನು. ಅವನ ಕಾಲದ ಅಪರಾಧಗಳ ವಿಚಾರಣೆಗೆ ವಿಶೇಷ ನ್ಯಾಯಾಲಯ ಸ್ಥಾಪಿಸಲು 2024ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಸಿಕ್ಕಿತು. ಕೊಟ್ಟದ್ದು, 2017ರಲ್ಲಿ ಅವನನ್ನು ವಿಮಾನ ಹತ್ತಿಸಿದ ಅದೇ ಇಕೋವಾಸ್.