ಉದ್ದ ಪಟ್ಟಿಯಲ್ಲಿ ಸಮ ಅಂತರದ ತೂತುಗಳು

ಬಾಲ್ಕನಿ ರೇಲಿಂಗ್‌ನ ಸರಳುಗಳು ಸಮ ಅಂತರದಲ್ಲಿ ನಿಂತಿರುವುದನ್ನು ನಾವೆಲ್ಲ ನೋಡಿದ್ದೇವೆ. ಮೇಲೊಂದು, ಕೆಳಗೊಂದು ಕಬ್ಬಿಣದ ಪಟ್ಟಿ. ಎರಡರಲ್ಲೂ ತೂತು ಕೊರೆದು ಸರಳು ತೂರಿಸುತ್ತಾರೆ. ರಜೆಯಲ್ಲಿ ಮಾಮನ ವೆಲ್ಡಿಂಗ್ ಅಂಗಡಿಯಲ್ಲಿ ಕೈಜೋಡಿಸುವ ನನಗೆ ಆ ತೂತುಗಳ ಹಿಂದೆ ನಮ್ಮ ಭೌತಶಾಸ್ತ್ರದ ಪಾಠವೇ ಕಂಡಿತು.

5 ಮೀಟರ್ ಪಟ್ಟಿಯಲ್ಲಿ 100 ಮಿ.ಮೀ.ಗೊಂದರಂತೆ 49 ತೂತು ಬೇಕು ಎಂದುಕೊಳ್ಳಿ. ಒಂದು ಗುರುತಿನಿಂದ ಮುಂದಿನ ಗುರುತಿಗೆ ಅಳೆಯುತ್ತಾ ಹೋದಾಗ ಪ್ರತಿ ಸಲವೂ ಅರ್ಧ ಮಿ.ಮೀ. ಕಡಿಮೆ ಬಿದ್ದರೆ, 49ನೇ ತೂತು 24.5 ಮಿ.ಮೀ. ಹಿಂದೆ ಉಳಿಯುತ್ತದೆ. ಕೊನೆಯ ಅಂತರ 124.5 ಮಿ.ಮೀ. ಆಗುತ್ತದೆ. ಇದರಿಂದ ಅಂದವಷ್ಟೇ ಕೆಡುವುದಿಲ್ಲ. ಸಂದು ಅಗಲವಾದಷ್ಟೂ ಪುಟ್ಟ ಮಕ್ಕಳಿಗೆ ಅಪಾಯ ಹೆಚ್ಚು.

ಒಂದೇ ದಿಕ್ಕಿನ ದೋಷ ಹೀಗೆ ಕೂಡುತ್ತಾ ಹೋಗುತ್ತದೆ. ದೋಷ ಒಮ್ಮೆ ಹೆಚ್ಚು, ಒಮ್ಮೆ ಕಡಿಮೆಯಾದರೆ ಅದು ವರ್ಗಮೂಲದ ಲೆಕ್ಕದಲ್ಲಿ ಬೆಳೆಯುತ್ತದೆ. 49ರ ವರ್ಗಮೂಲ 7. ಅಂದರೆ ಸುಮಾರು 3.5 ಮಿ.ಮೀ.

ಪರಿಹಾರ ಸುಲಭ. ಟೇಪನ್ನು ಒಂದು ತುದಿಗೆ ಬಿಗಿದು, ಅಲುಗಿಸದೆ 100, 200, 300 ಎಂದು ಎಲ್ಲ ಗುರುತನ್ನೂ ಹಾಕಬೇಕು. ಆಗ ಒಂದು ಗುರುತಿನ ದೋಷ ಇನ್ನೊಂದಕ್ಕೆ ದಾಟುವುದಿಲ್ಲ.

ಗುರುತು ಸರಿಯಿದ್ದರೆ ಸಾಲದು. ನುಣುಪಾದ ಕಬ್ಬಿಣದ ಮೇಲೆ ತಿರುಗುವ ಬಿಟ್ ಜಾರುತ್ತದೆ. ಅದಕ್ಕಾಗಿ ಮೊದಲು ಸೆಂಟರ್ ಪಂಚ್ ಇಟ್ಟು ಸುತ್ತಿಗೆಯಿಂದ ಸಣ್ಣ ಕುಳಿ ಮಾಡಬೇಕು. ಬಳಿಕ 3 ಮಿ.ಮೀ. ಬಿಟ್‌ನಿಂದ ಕೊರೆದು, ಕೊನೆಗೆ ಬೇಕಾದ ಅಳತೆಯ ಬಿಟ್ ಹಾಕಬೇಕು. ದೊಡ್ಡ ಬಿಟ್ ಆ ಸಣ್ಣ ತೂತಿನ ದಾರಿಯನ್ನೇ ಹಿಡಿಯುತ್ತದೆ.

ಮಾಮ ಮೇಲಿನ ಮತ್ತು ಕೆಳಗಿನ ಪಟ್ಟಿಗಳನ್ನು ಒಂದರ ಮೇಲೊಂದಿಟ್ಟು, ಕ್ಲಾಂಪ್ ಹಾಕಿ, ಒಟ್ಟಿಗೇ ಕೊರೆಯುತ್ತಾರೆ. ಒಂದು ತೂತು ಕೂದಲೆಳೆಯಷ್ಟು ಸರಿದರೂ ಎರಡರಲ್ಲೂ ಅಷ್ಟೇ ಸರಿದಿರುತ್ತದೆ. ಸರಳು ನೆಟ್ಟಗೇ ನಿಲ್ಲುತ್ತದೆ. ಬಿಡಿಸುವ ಮುನ್ನ ಎರಡಕ್ಕೂ ಒಂದೇ ತುದಿಯಲ್ಲಿ ಸೀಮೆಸುಣ್ಣದ ಗುರುತು ಹಾಕುತ್ತಾರೆ. ಒಂದು ಪಟ್ಟಿ ತಿರುಗುಮುರುಗಾದರೆ ಜೋಡಿ ತಪ್ಪುತ್ತದೆ.

ಲ್ಯಾಬಿನಲ್ಲಿ ಲೋಲಕದ ಒಂದೊಂದೇ ಆಂದೋಲನ ಅಳೆಯದೆ, 20 ಆಂದೋಲನಗಳ ಕಾಲ ಅಳೆದು ಭಾಗಿಸುವುದೂ ಇದೇ ಜಾಣತನ. ಸ್ಟಾಪ್‌ವಾಚ್ ಒತ್ತುವ ದೋಷ ಶುರುವಿನಲ್ಲೊಮ್ಮೆ, ಕೊನೆಯಲ್ಲೊಮ್ಮೆ ಮಾತ್ರ ಬರುತ್ತದೆ. ಅದೂ 20 ಪಾಲಾಗುತ್ತದೆ.