ಪಕ್ಷಗಳ ಅಸ್ಥಿರತೆ: ಕಾರಣ ಮತ್ತು ಪರಿಣಾಮ

ಸರಕಾರದ ಅಸ್ಥಿರತೆಯನ್ನೂ ಪಕ್ಷದ ಅಸ್ಥಿರತೆಯನ್ನೂ ಒಂದೆಂದು ಭಾವಿಸುವ ವಾಡಿಕೆಯುಂಟು. ಆದರೆ ಮೊದಲನೆಯದು ಬಹುಮಟ್ಟಿಗೆ ಎರಡನೆಯದರ ಪರಿಣಾಮವೆಂಬುದನ್ನು ಕರ್ನಾಟಕದ ಇತಿಹಾಸದಿಂದಲೇ ನಾವು ತಿಳಿಯಬಹುದು.

1969ರ ಜುಲೈಯಲ್ಲಿ ಬೆಂಗಳೂರಿನಲ್ಲಿ ಸೇರಿದ ಅಖಿಲ ಭಾರತ ಕಾಂಗ್ರೆಸ್ ಸಮಿತಿಯ ಅಧಿವೇಶನದಲ್ಲಿ ಪಕ್ಷದ ಬಿರುಕು ಬಯಲಾಯಿತು. ನವೆಂಬರಿನಲ್ಲಿ ಪಕ್ಷವೇ ಒಡೆಯಿತು. ಮೈಸೂರು ರಾಜ್ಯದ ಮುಖ್ಯಮಂತ್ರಿ ವೀರೇಂದ್ರ ಪಾಟೀಲರು ಸಂಸ್ಥಾ ಕಾಂಗ್ರೆಸ್ಸಿನಲ್ಲಿ ಉಳಿದರು. 1971ರ ಲೋಕಸಭಾ ಚುನಾವಣೆಯಲ್ಲಿ ಇಂದಿರಾ ಗಾಂಧಿಯವರ ಪಕ್ಷವು ರಾಜ್ಯದ 27 ಸ್ಥಾನಗಳನ್ನೂ ಗೆದ್ದೊಡನೆ ಶಾಸಕರು ಅತ್ತ ವಾಲಿದರು. ಮಾರ್ಚಿನಲ್ಲಿಯೇ ಸರಕಾರವುರುಳಿ ರಾಷ್ಟ್ರಪತಿ ಆಳ್ವಿಕೆ ಬಂದಿತು. ಶಾಸಕರ ನಿಷ್ಠೆಯು ತತ್ತ್ವಕ್ಕಿಂತ ಅಧಿಕಾರದ ಗಾಳಿಯನ್ನು ಅನುಸರಿಸಿತೆನ್ನದೆ ವಿಧಿಯಿಲ್ಲ.

ಇಂತಹ ವಲಸೆಯನ್ನು ತಡೆಯಲೆಂದು 1985ರಲ್ಲಿ ಸಂವಿಧಾನಕ್ಕೆ ಹತ್ತನೆಯ ಅನುಸೂಚಿಯನ್ನು ಸೇರಿಸಲಾಯಿತು. ಮೂರರಲ್ಲೊಂದು ಪಾಲು ಸದಸ್ಯರು ಒಡೆದು ಹೋದರೆ ಅನರ್ಹತೆಯಿಲ್ಲವೆಂಬ ರಿಯಾಯಿತಿಯನ್ನು 2003ರಲ್ಲಿ ತೆಗೆದುಹಾಕಲಾಯಿತು. ಆಗ ಪಕ್ಷಾಂತರವು ರಾಜೀನಾಮೆಯ ರೂಪವನ್ನು ತಾಳಿತು. ಇದರ ಮರ್ಮವು ಗಣಿತದಲ್ಲಿದೆ. 224 ಸದಸ್ಯರ ಸದನದಲ್ಲಿ ಬಹುಮತಕ್ಕೆ 113 ಬೇಕು. ಆಡಳಿತ ಪಕ್ಷದವರೇ ದೂರವುಳಿದರೆ ಆ ಸಂಖ್ಯೆ ತಾನಾಗಿ ಇಳಿಯುತ್ತದೆ. 2019ರ ಜುಲೈ 23ರಂದು ಕುಮಾರಸ್ವಾಮಿಯವರ ಸಮ್ಮಿಶ್ರ ಸರಕಾರವು 99ಕ್ಕೆ ಪ್ರತಿಯಾಗಿ 105 ಮತಗಳಿಂದ ಸೋತದ್ದು ಹೀಗೆ. ಅನರ್ಹರಾದ 17 ಮಂದಿಯ ಅನರ್ಹತೆಯನ್ನು ಸರ್ವೋಚ್ಚ ನ್ಯಾಯಾಲಯವು ಎತ್ತಿಹಿಡಿದರೂ, ಮರಳಿ ಸ್ಪರ್ಧಿಸಲು ಅಡ್ಡಿಯಿಲ್ಲವೆಂದಿತು. ಡಿಸೆಂಬರಿನಲ್ಲಿ 15 ಕ್ಷೇತ್ರಗಳ ಉಪಚುನಾವಣೆ ನಡೆಯಿತು.

ಇದರ ಭಾರವನ್ನು ಹೊತ್ತವನು ಮತದಾರ. ಹೊಸಪೇಟೆಯನ್ನೊಳಗೊಂಡ ವಿಜಯನಗರ ಕ್ಷೇತ್ರದವರು 2018ರ ಮೇ ತಿಂಗಳಲ್ಲಿ ಕಾಂಗ್ರೆಸ್ ಅಭ್ಯರ್ಥಿಯಾಗಿ ಆರಿಸಿದ ಆನಂದ ಸಿಂಗರನ್ನೇ ಹತ್ತೊಂಬತ್ತು ತಿಂಗಳೊಳಗೆ ಭಾರತೀಯ ಜನತಾ ಪಕ್ಷದಿಂದ ಆರಿಸಿದರು. ಕಾನಹೊಸಹಳ್ಳಿಯು ಸೇರಿರುವ ಕೂಡ್ಲಿಗಿ ಕ್ಷೇತ್ರದಿಂದ 2018ರಲ್ಲಿ ಇದೇ ಪಕ್ಷದಿಂದ ಗೆದ್ದಿದ್ದ ಎನ್.ವೈ. ಗೋಪಾಲಕೃಷ್ಣರು 2023ರಲ್ಲಿ ಕಾಂಗ್ರೆಸ್ ಸೇರಿ ಮೊಳಕಾಲ್ಮೂರಿನಿಂದ ಗೆದ್ದರು. ಪಕ್ಷದ ಚಿಹ್ನೆಯನ್ನು ನೋಡಿ ಮತವಿತ್ತವನಿಗೆ, ಐದು ವರ್ಷದ ಲೆಕ್ಕವನ್ನು ಯಾರಿಂದ ಕೇಳಬೇಕೆಂಬುದೇ ತಿಳಿಯದು.

ಕಾನೂನು ಸದನದೊಳಗಿನ ನಡತೆಯನ್ನು ಮಾತ್ರ ನಿಯಂತ್ರಿಸಬಲ್ಲುದು. ಪಕ್ಷಗಳಲ್ಲಿ ಆಂತರಿಕ ಚುನಾವಣೆ ಹೆಸರಿಗಷ್ಟೇ ನಡೆದು, ಅಭ್ಯರ್ಥಿಯ ಆಯ್ಕೆ ವರಿಷ್ಠರ ಕೈಯಲ್ಲಿರುವವರೆಗೆ ಹಳ್ಳಿಯ ಕಾರ್ಯಕರ್ತನ ಮಾತಿಗೆ ಬೆಲೆಯಿಲ್ಲ. ಕಾರ್ಯಕರ್ತನಿಗೆ ಋಣಿಯಲ್ಲದ ಶಾಸಕನು ಪಕ್ಷವನ್ನು ತೊರೆಯಲು ಅಳುಕುವುದೂ ಇಲ್ಲ. ಆದಕಾರಣ ಸ್ಥಿರತೆಯ ಬೀಜವನ್ನು ವಿಧಾನಸೌಧಕ್ಕಿಂತ ಮೊದಲು ಪಕ್ಷದ ಗ್ರಾಮಘಟಕದಲ್ಲಿ ಬಿತ್ತಬೇಕೆಂಬುದೇ ನಮ್ಮ ಅಭಿಪ್ರಾಯ.